ಕಾಂಗಾದ ಮೇಲೆ ಬ್ರೆಜಿಲ್‌ನ ಲಯಗಳು

ಕಾಂಗಾ ಕ್ಯೂಬಾದ ವಾದ್ಯ, ಬರಿಗೈಯಿಂದ ನುಡಿಸುವ ಉದ್ದನೆಯ ಡ್ರಮ್. ಬ್ರೆಜಿಲ್‌ನ ಲಯಗಳನ್ನು ಅದರ ಮೇಲೆ ನುಡಿಸಲು ಹೊರಟವರು ಈ ಸರಳ ಸಂಗತಿಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಷ್ಟೋ ಗೊಂದಲಗಳು ತಪ್ಪುತ್ತವೆ. ರಿಯೊ ಡಿ ಜನೈರೊದ ಕಾರ್ನಿವಲ್ ಮೆರವಣಿಗೆಯಲ್ಲಿ ಸಾಗುವ ಸಾಂಬಾ ಶಾಲೆಗಳ ವಾದ್ಯವೃಂದದಲ್ಲಿ ಕಾಂಗಾಕ್ಕೆ ಸ್ಥಾನವಿಲ್ಲ. ಬಾಹಿಯಾ ರಾಜ್ಯದ ಕ್ಯಾಂಡೊಂಬ್ಲೆ ಆರಾಧನೆಯಲ್ಲಿ ಅದನ್ನು ಹೋಲುವ, ಆದರೆ ಅದಲ್ಲದ ಅತಬಾಕಿ ಇದೆ. ಈಶಾನ್ಯ ಭಾಗದ ಬಯಾವ್ ಸಂಗೀತಕ್ಕೆ ಜಬುಂಬಾ ಎಂಬ ಚಪ್ಪಟೆ ಡೋಲು ಇದೆ. ಹಾಗಾಗಿ ಕಾಂಗಾದ ಮುಂದೆ ಕುಳಿತವನು ಯಾವ ಬ್ರೆಜಿಲ್ ಲಯವನ್ನು ನುಡಿಸಿದರೂ ಬೇರೊಂದು ವಾದ್ಯದ ಪರವಾಗಿ ನುಡಿಸುತ್ತಿರುತ್ತಾನೆ. ಈಗ ನಾನು ಯಾವ ವಾದ್ಯದ ಕೆಲಸ ಮಾಡುತ್ತಿದ್ದೇನೆ ಎಂಬ ಪ್ರಶ್ನೆಗೆ ಉತ್ತರ ಸಿಗದ ಹೊರತು ಕೈಗಳಿಗೆ ಕೆಲಸ ಕೊಡಬಾರದು ಎಂಬುದು ಈ ಅಭ್ಯಾಸದಿಂದ ನಾನು ಕಂಡುಕೊಂಡ ಮುಖ್ಯ ಸಂಗತಿ. ಈ ಬರಹದ ಉಳಿದದ್ದೆಲ್ಲ ಅದರ ವಿವರಣೆಯೇ.

ಕಾಂಗಾ ಕಲಿಯುವ ಬಹುತೇಕರಂತೆ ನಾನೂ ಕ್ಯೂಬಾದ ತುಂಬಾವ್‌ನಿಂದ ಆರಂಭಿಸಿದವನು. ಎಂಟು ಮಾತ್ರೆಗಳ ಆ ಆವರ್ತದಲ್ಲಿ ಎಡಗೈ ಮುಚ್ಚಿಗೆಯ ಮೇಲೆ ಅಂಗೈಯ ಬುಡ, ಬೆರಳ ತುದಿ, ಮತ್ತೆ ಬುಡ, ಮತ್ತೆ ತುದಿ ಎಂದು ತೊಟ್ಟಿಲಿನಂತೆ ತೂಗುತ್ತಿರುತ್ತದೆ. ಮೂರನೆಯ ಮಾತ್ರೆಯಲ್ಲಿ ಬಲಗೈಯ ಸ್ಲ್ಯಾಪ್ ಎಂಬ ಚೂಪಾದ ಪೆಟ್ಟು ಬೀಳುತ್ತದೆ. ಏಳು ಮತ್ತು ಎಂಟನೆಯ ಮಾತ್ರೆಗಳಲ್ಲಿ ಎರಡು ತೆರೆದ ನಾದಗಳು, ಅಂದರೆ ಹೊಡೆದ ಕೈ ಪುಟಿದು ಮುಚ್ಚಿಗೆ ಮೊಳಗುವಂಥವು, ಹೊರಡುತ್ತವೆ. ಆವರ್ತದ ಭಾರವೆಲ್ಲ ಕೊನೆಯಲ್ಲಿದ್ದು, ಕೇಳುವವರನ್ನು ಮುಂದಿನ ಆವರ್ತದೊಳಕ್ಕೆ ತಳ್ಳುತ್ತದೆ. ಈ ನಡೆ ಕೈಗೆ ಎಷ್ಟು ಒಗ್ಗಿಹೋಗುತ್ತದೆಂದರೆ, ಮನಸ್ಸು ಬೇರೆಲ್ಲೋ ಇದ್ದಾಗ ಕೈಗಳು ತಾವಾಗಿಯೇ ಅಲ್ಲಿಗೆ ಮರಳುತ್ತವೆ. ಬ್ರೆಜಿಲ್ ಲಯಗಳ ಅಭ್ಯಾಸದಲ್ಲಿ ಮೊದಲ ಹಂತದ ಶ್ರಮವೆಲ್ಲ ಹೊಸದನ್ನು ಕಲಿಯುವುದಕ್ಕಿಂತ ಹೆಚ್ಚಾಗಿ, ಒಗ್ಗಿಹೋದ ಈ ಕೊನೆಯ ಎರಡು ಪೆಟ್ಟುಗಳನ್ನು ತಡೆಹಿಡಿಯುವುದರಲ್ಲೇ ಕಳೆಯುತ್ತದೆ.

ಸಾಂಬಾದಲ್ಲಿ ಭಾರ ಕೂರುವ ಜಾಗವೇ ಬೇರೆ. ಅದು ಎರಡು ಪೆಟ್ಟಿನ ಆವರ್ತ. ಒಂದೊಂದು ಪೆಟ್ಟಿಗೂ ನಾಲ್ಕು ಮಾತ್ರೆಗಳು. ಇದನ್ನು ಹೊತ್ತು ನಿಲ್ಲಿಸುವ ವಾದ್ಯ ಸುರ್ಡೋ ಎಂಬ ದೊಡ್ಡ ಡ್ರಮ್. ರಿಯೊದ ಎಸ್ತಾಸಿಯೊ ಬಡಾವಣೆಯಲ್ಲಿ 1928ರಲ್ಲಿ ಹುಟ್ಟಿದ ದೆಯ್ಶಾ ಫಲಾರ್ ತಂಡದವರಾದ ಆಲ್ಸೆಬಿಯಾಡೆಸ್ ಬಾರ್ಸೆಲೋಸ್, ಅಂದರೆ ಎಲ್ಲರೂ ‘ಬಿಡಿ’ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದ ವಾದಕರು, ಇದನ್ನು ಸಾಂಬಾದೊಳಗೆ ತಂದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ದೊಡ್ಡ ವೃಂದದಲ್ಲಿ ಮೊದಲನೆಯ ಸುರ್ಡೋ ಎಂಬ ಅತ್ಯಂತ ತಗ್ಗು ಶ್ರುತಿಯ ಡ್ರಮ್ ಎರಡನೆಯ ಪೆಟ್ಟಿನ ಮೇಲೆ ಮೊಳಗುತ್ತದೆ; ಅದಕ್ಕಿಂತ ತುಸು ಎತ್ತರದ ಎರಡನೆಯ ಸುರ್ಡೋ ಮೊದಲ ಪೆಟ್ಟಿನ ಮೇಲೆ ಉತ್ತರಿಸುತ್ತದೆ; ಮೂರನೆಯದು ಇವೆರಡರ ನಡುವಿನ ಜಾಗವನ್ನು ಕತ್ತರಿಸುತ್ತ ಹೋಗುತ್ತದೆ. ಎರಡನೆಯ ಪೆಟ್ಟನ್ನು ನುಡಿಸುವ ವಾದ್ಯಕ್ಕೆ ಮೊದಲನೆಯದು ಎಂಬ ಹೆಸರಿರುವುದು ಹೊಸಬರಿಗೆ ತಲೆಕೆಳಗಾಗಿ ಕಾಣಬಹುದು, ಆದರೆ ಸಾಂಬಾದ ಒಳಗೆ ನಿಂತು ನೋಡಿದಾಗ ಅದು ಸಹಜವೇ. ಅಲ್ಲಿ ಎರಡನೆಯ ಪೆಟ್ಟೇ ಹಿರಿದು.

ಒಂದೇ ಸುರ್ಡೋ ಇರುವ ಸಣ್ಣ ಮೇಳಗಳಲ್ಲಿ ಮೊದಲ ಪೆಟ್ಟನ್ನು ಮುಚ್ಚಿ ನುಡಿಸಿ, ಎರಡನೆಯದನ್ನು ತೆರೆದು ಬಿಡುತ್ತಾರೆ. ಕಾಂಗಾಕ್ಕೆ ಇಳಿಸಿಕೊಳ್ಳಬೇಕಾದದ್ದು ಈ ರೂಪವನ್ನು. ನಾನು ನುಡಿಸುವ ಕ್ರಮ ಹೀಗಿದೆ: ಎಡಗೈಯ ಬೆರಳುಗಳನ್ನು ಕಾಂಗಾ ಜೋಡಿಯಲ್ಲಿನ ದೊಡ್ಡ ಡ್ರಮ್ಮಿನ ಮುಚ್ಚಿಗೆಯ ನಡುವಿಗೆ ಹಗುರವಾಗಿ ಇರಿಸಿ, ಬಲಗೈಯಿಂದ ಅಂಚಿನ ಬಳಿ ಹೊಡೆದು, ಹೊಡೆದ ಕೈಯನ್ನು ಮೇಲೆತ್ತದೆ ಅಲ್ಲೇ ಒತ್ತಿ ಹಿಡಿಯುತ್ತೇನೆ. ಆಗ ಹೊರಡುವುದು ನಾದವಲ್ಲ, ಗಂಟಲಲ್ಲೇ ನಿಂತ ಮಾತಿನಂಥ ಒಂದು ಮೊಟಕು ಶಬ್ದ. ಎರಡನೆಯ ಪೆಟ್ಟು ಬರುವ ಒಂದು ಮಾತ್ರೆ ಮೊದಲೇ ಎಡಗೈ ಮುಚ್ಚಿಗೆಯನ್ನು ಬಿಟ್ಟು ಮೇಲೇಳಬೇಕು. ಬಲಗೈ ಬಿದ್ದು ಕೂಡಲೇ ಪುಟಿಯಬೇಕು. ಇಲ್ಲಿ ಎಡಗೈ ಏಳುವ ಕ್ಷಣವೇ ನಿರ್ಣಾಯಕ. ಅದು ತಡವಾಗಿ ಎದ್ದರೆ ತೆರೆದ ನಾದದ ಮೊದಲ ಭಾಗ ಸತ್ತುಹೋಗುತ್ತದೆ, ತೀರ ಬೇಗ ಎದ್ದರೆ ಹಿಂದಿನ ಪೆಟ್ಟಿನ ಉಳಿಕೆ ಗುಂಯ್‌ಗುಟ್ಟಿ ಎರಡನೆಯ ಪೆಟ್ಟಿನ ಗತ್ತನ್ನು ಕೆಡಿಸುತ್ತದೆ.

ನಾದದ ಆಳದ ವಿಷಯದಲ್ಲಿ ಕಾಂಗಾ ಸುರ್ಡೋಗೆ ಸಮವಾಗಲಾರದು. ಸಾಮಾನ್ಯವಾಗಿ ಕಾಂಗಾ ಕುಟುಂಬದ ಅತಿ ದೊಡ್ಡ ಡ್ರಮ್ಮಿನ ಮುಚ್ಚಿಗೆಯ ಅಗಲ ಹನ್ನೆರಡೂವರೆ ಇಂಚಿನಷ್ಟು. ದೊಡ್ಡ ಸುರ್ಡೋಗಳು 20 ಇಂಚನ್ನೂ ಮೀರುತ್ತವೆ. ಶ್ರುತಿಯನ್ನು ತೀರ ಇಳಿಸಿ ಈ ಅಂತರವನ್ನು ತುಂಬಲು ಹೋದರೆ ಮುಚ್ಚಿಗೆ ಸಡಿಲವಾಗಿ, ಸ್ಲ್ಯಾಪ್ ಎಂಬುದೇ ಹುಟ್ಟುವುದಿಲ್ಲ. ಆಳವನ್ನು ಬಿಟ್ಟುಕೊಟ್ಟು ಸ್ಥಾನವನ್ನು ಉಳಿಸಿಕೊಳ್ಳುವುದೇ ಜಾಣತನ. ಎರಡನೆಯ ಪೆಟ್ಟು ಇರಬೇಕಾದಲ್ಲೇ ಇದ್ದರೆ ಕೇಳುವವರ ದೇಹ ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಡ್ರಮ್ಮಿನ ಬುಡ ನೆಲಕ್ಕೆ ಅಂಟಿಕೊಂಡಿದ್ದರೆ ಇರುವ ತಗ್ಗು ನಾದವೂ ಹೊರಗೆ ಬಾರದು, ಆದ್ದರಿಂದ ಸ್ಟ್ಯಾಂಡಿನ ಮೇಲೆ ನಿಲ್ಲಿಸುವುದು ಅಥವಾ ತುಸು ಓರೆ ಮಾಡಿ ಹಿಡಿಯುವುದು ಅಗತ್ಯ.

ಸುರ್ಡೋದ ಪೆಟ್ಟುಗಳು ಕೂತ ಮೇಲೆ ನಡುವಿನ ಮಾತ್ರೆಗಳ ಪ್ರಶ್ನೆ ಬರುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಬ್ರೆಜಿಲ್ ಸಂಗೀತದ ನಿಜವಾದ ಕಠಿಣ ಭಾಗ ಇರುವುದು ಇಲ್ಲಿಯೇ. ಒಂದು ಪೆಟ್ಟಿನ ನಾಲ್ಕು ಮಾತ್ರೆಗಳನ್ನು ಚತುರಶ್ರ ನಡೆಯಲ್ಲಿ ಎಣಿಸಿ ಕಲಿತವರಿಗೆ ಅವು ನಾಲ್ಕೂ ಸಮವಾಗಿರಬೇಕೆಂಬುದು ಪ್ರಶ್ನಿಸಬೇಕಾದ ವಿಷಯವೇ ಅಲ್ಲ. ಸಾಂಬಾದಲ್ಲಿ ಅವು ಸಮವಲ್ಲ. ಒಂದು ಮತ್ತು ನಾಲ್ಕನೆಯ ಮಾತ್ರೆಗಳಿಗೆ ಒತ್ತು ಹೆಚ್ಚು. ನಡುವಿನವು ಕಿರಿದಾಗಿ ಒಂದನ್ನೊಂದು ಒತ್ತಿಕೊಂಡು ಬರುತ್ತವೆ. ನಾಲ್ಕರ ನಡೆಗೂ ಮೂರರ ನಡೆಗೂ ನಡುವೆ ಎಲ್ಲೋ ಅವುಗಳ ಓಟ ಸಾಗುತ್ತದೆ. ಇದನ್ನು ಸ್ವರಲಿಪಿಯಲ್ಲಿ ಬರೆಯಲು ಹೊರಟವರೆಲ್ಲ ಕೊನೆಗೆ ನಾಲ್ಕು ಸಮ ಮಾತ್ರೆಗಳನ್ನೇ ಬರೆದು, ಉಳಿದದ್ದನ್ನು ಕೇಳಿ ತಿಳಿಯಿರಿ ಎಂದು ಬಿಟ್ಟುಬಿಡುತ್ತಾರೆ. ಅದು ಪ್ರಾಮಾಣಿಕವಾದ ನಿಲುವು ಎಂದೇ ನನಗನಿಸುತ್ತದೆ.

ಈ ಅಸಮತೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಕೈಯಿಂದಲೇ ಅರಿಯಬೇಕಾದರೆ ಪಾಂಡೇರೊ ನುಡಿಸುವವರನ್ನು ಗಮನಿಸಬೇಕು. ಬಿಲ್ಲೆಗಳುಳ್ಳ ಆ ಚೌಕಟ್ಟಿನ ವಾದ್ಯವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು, ಬೆರಳ ತುದಿಗಳು, ಅಂಗೈಯ ಬುಡ, ಮತ್ತೆ ಬೆರಳ ತುದಿಗಳು ಎಂಬ ಕ್ರಮದಲ್ಲಿ ನಾಲ್ಕು ಮಾತ್ರೆಗಳನ್ನು ನುಡಿಸುತ್ತಾರೆ. ನಾಲ್ಕು ಪೆಟ್ಟುಗಳೂ ಒಂದೇ ಕೈಯ ಬೇರೆ ಬೇರೆ ಭಾಗಗಳಿಂದ ಬರುವುದರಿಂದ, ಮಣಿಕಟ್ಟು ಹೊರಳುವ ರೀತಿಗೂ ಮಾತ್ರೆಗಳ ಅಂತರಕ್ಕೂ ನೇರ ನಂಟಿದೆ. ಕಾಂಗಾ ನುಡಿಸುವವರ ಅದೃಷ್ಟವೆಂದರೆ ತುಂಬಾವ್‌ನ ಬುಡ-ತುದಿ ತೂಗಾಟ ಇದಕ್ಕೆ ಹತ್ತಿರದ್ದು. ಅದನ್ನು ಎರಡೂ ಕೈಗಳಿಗೆ ಕಲಿಸಿ, ಎಡಗೈಯಿಂದ ಎರಡು, ಬಲಗೈಯಿಂದ ಎರಡು ಎಂದು ಹಂಚಿಕೊಂಡರೆ ಪಾಂಡೇರೊದ ಹರಿವು ಮುಚ್ಚಿಗೆಯ ಮೇಲೆ ಮೂಡುತ್ತದೆ. ಆದರೆ ಇದನ್ನು ತೀರ ಮೆಲ್ಲಗೆ, ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಕೇಳಿಸುವಷ್ಟು ಸದ್ದಿನಲ್ಲಿ ನುಡಿಸಬೇಕು. ಸದ್ದು ಹೆಚ್ಚಾದರೆ ಹರಿವು ಹೋಗಿ ಬರೀ ಗಲಾಟೆ ಉಳಿಯುತ್ತದೆ.

ಸಮಕಾಲಕ್ಕೆ ಟಿಕ್ ಎನ್ನುವ ಮೆಟ್ರೊನೋಮ್ ಯಂತ್ರವನ್ನು ಪ್ರತಿ ಪೆಟ್ಟಿಗೂ ಇಡುವುದರಿಂದ ಈ ಲಯಕ್ಕೆ ಹೆಚ್ಚು ಪ್ರಯೋಜನವಿಲ್ಲ. ಎರಡನೆಯ ಪೆಟ್ಟಿಗೆ ಮಾತ್ರ ಅದು ಟಿಕ್ ಎನ್ನುವಂತೆ ಇಟ್ಟು, ಮೊದಲ ಪೆಟ್ಟನ್ನು ನಮ್ಮೊಳಗಿಂದಲೇ ತಂದುಕೊಳ್ಳುವುದು ಒಳ್ಳೆಯ ಅಭ್ಯಾಸ. ರಿಯೊದ ಮೆರವಣಿಗೆಯ ವೃಂದಗಳು ನಿಮಿಷಕ್ಕೆ 140 ಪೆಟ್ಟುಗಳ ಆಸುಪಾಸಿನಲ್ಲಿ ಸಾಗುತ್ತವೆ. ಕಲಿಯುವವರು ಅದರ ಅರ್ಧ ವೇಗದಲ್ಲಿ ತಿಂಗಳುಗಟ್ಟಲೆ ಇದ್ದರೂ ಏನೂ ನಷ್ಟವಿಲ್ಲ. ನನಗೆ ಕಲಿಸಿದ ಗುರುಗಳು ಕೈಗಿಂತ ಮೊದಲು ಬಾಯಲ್ಲಿ ಸುರ್ಡೋವನ್ನು ಹೇಳಿಸುತ್ತಿದ್ದರು. "ಬಾಯಿ ನಿಂತರೆ ಕೈಯನ್ನೂ ನಿಲ್ಲಿಸಿ, ಬಾಯಿಲ್ಲದ ಕೈ ನನಗೆ ಬೇಡ" ಎಂಬುದು ಅವರ ಕಟ್ಟುನಿಟ್ಟು.

ಇನ್ನು ಚಿಕ್ಕ ಡ್ರಮ್ಮಿನ ಮೇಲೆ ಬೀಳುವ ಸ್ಲ್ಯಾಪುಗಳು ತಂಬೊರಿಂ ಎಂಬ ಪುಟ್ಟ ವಾದ್ಯದ ಕೆಲಸವನ್ನು ಮಾಡುತ್ತವೆ. ತಂಬೊರಿಂನ ವಾಕ್ಯ, ಅಂದರೆ ಅದು ಮತ್ತೆ ಮತ್ತೆ ನುಡಿಸುವ ಲಯದ ಸಾಲು, ಎರಡು ಆವರ್ತಗಳಷ್ಟು ಉದ್ದ. ಅದರ ಒಂದು ಅರ್ಧದಲ್ಲಿ ಹೊಡೆತಗಳು ಪೆಟ್ಟಿನ ಮೇಲೆಯೇ ಬಂದರೆ, ಇನ್ನೊಂದು ಅರ್ಧದಲ್ಲಿ ಪೆಟ್ಟುಗಳ ನಡುವೆ ಬೀಳುತ್ತವೆ. ಯಾವ ಅರ್ಧದಿಂದ ಆರಂಭಿಸಬೇಕೆಂಬುದನ್ನು ಹಾಡು ನಿರ್ಧರಿಸುತ್ತದೆ, ವಾದಕನಲ್ಲ. ಹಾಡಿನ ಸಾಲಿಗೂ ತಂಬೊರಿಂನ ವಾಕ್ಯಕ್ಕೂ ಬದಿ ತಪ್ಪಿದರೆ ಗಾಯಕರು ಹಿಂತಿರುಗಿ ನೋಡುತ್ತಾರೆ. ಲೆಕ್ಕದ ಪ್ರಕಾರ ಎಲ್ಲವೂ ಸರಿಯಾಗಿದ್ದರೂ ಕಿವಿಗೆ ಅದು ಒಡಕಾಗಿಯೇ ಕೇಳಿಸುತ್ತದೆ. ಹಾಡುಗಳನ್ನು ಕೇಳದೆ ಬರೀ ಪಾಠಗಳನ್ನು ಅಭ್ಯಾಸ ಮಾಡಿದವರಿಗೆ ಈ ಬದಿಯ ಜ್ಞಾನ ಬರುವ ದಾರಿಯೇ ಇಲ್ಲ.

ಸಾಂಬಾದಿಂದ ಬಾಹಿಯಾದ ಕಡೆಗೆ ತಿರುಗಿದಾಗ ಕಾಂಗಾ ತನ್ನ ಬಂಧುಗಳ ಮನೆಗೆ ಬಂದಂತಾಗುತ್ತದೆ. ಕ್ಯಾಂಡೊಂಬ್ಲೆ ಎಂಬುದು ಗುಲಾಮರಾಗಿ ಬ್ರೆಜಿಲ್‌ಗೆ ಸಾಗಿಸಲ್ಪಟ್ಟ ಯೊರುಬಾ, ಫೋನ್ ಮತ್ತು ಬಾಂಟು ಎಂಬ ಆಫ್ರಿಕಾದ ಜನರ ಆರಾಧನೆಗಳಿಂದ ಅಲ್ಲಿ ರೂಪುಗೊಂಡ ಧರ್ಮ. ಅದರೊಳಗಿನ ಪರಂಪರೆಗಳನ್ನು ಕೇತು, ಜೆಜೆ, ಅಂಗೋಲಾ ಎಂಬ ಕುಲಗಳಾಗಿ ಗುರುತಿಸುತ್ತಾರೆ. ಆರಾಧನೆಯಲ್ಲಿ ರುಂ, ರುಂಪಿ, ಲೆ ಎಂಬ ಮೂರು ಅತಬಾಕಿಗಳೂ ಒಂದು ಲೋಹದ ಘಂಟೆಯೂ ಇರುತ್ತವೆ. ಕ್ಯೂಬಾದ ರುಂಬಾದಲ್ಲಿ ದೊಡ್ಡ ಡ್ರಮ್ಮುಗಳು ನೆಲೆಯನ್ನು ಕಾಯ್ದು, ಅತಿ ಎತ್ತರದ ಶ್ರುತಿಯ ಕ್ವಿಂಟೋ ಮಾತನಾಡುತ್ತದೆ. ಇಲ್ಲಿ ವ್ಯವಸ್ಥೆ ಇದಕ್ಕೆ ಪೂರ್ತಿ ವಿರುದ್ಧ: ಚಿಕ್ಕವೆರಡು, ಅಂದರೆ ರುಂಪಿ ಮತ್ತು ಲೆ, ಕದಲದೆ ಒಂದೇ ವಾಕ್ಯವನ್ನು ನುಡಿಸುತ್ತವೆ, ಅತಿ ದೊಡ್ಡದಾದ ರುಂ ನರ್ತಿಸುವವರ ಹೆಜ್ಜೆಗಳನ್ನು ನೋಡುತ್ತ ಮಾತನಾಡುತ್ತದೆ. ಕ್ವಿಂಟೋದ ಮೇಲೆ ಕಲ್ಪನೆಯನ್ನು ಹರಿಯಬಿಟ್ಟು ರೂಢಿಯಾದ ಬಲಗೈಗೆ ಈ ಬದಲಾವಣೆ ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ತಗ್ಗು ಶ್ರುತಿಯಲ್ಲಿ ವೇಗವಾಗಿ ಮಾತನಾಡಿದರೆ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ರುಂನ ಮಾತಿಗೆ ಬಿಡುವು ಬೇಕು, ಪ್ರತಿಯೊಂದು ಪೆಟ್ಟಿಗೂ ಮುಗಿಯಲು ಸಮಯ ಬೇಕು.

ಮೂರನ್ನೂ ಆಳುವುದು ಘಂಟೆ. ಅದು ಬದಲಾಗದ ಒಂದು ವಾಕ್ಯವನ್ನು ನುಡಿಸುತ್ತಲೇ ಇರುತ್ತದೆ, ಉಳಿದವರೆಲ್ಲ ಅದಕ್ಕೆ ಹೊಂದಿಕೊಂಡು ತಮ್ಮ ಜಾಗವನ್ನು ಕಂಡುಕೊಳ್ಳುತ್ತಾರೆ. ಒಬ್ಬರೇ ಅಭ್ಯಾಸ ಮಾಡುವಾಗ ಘಂಟೆಯ ವಾಕ್ಯವನ್ನು ಧ್ವನಿಮುದ್ರಿಸಿಟ್ಟುಕೊಂಡು ಅದರೊಂದಿಗೆ ನುಡಿಸಬೇಕು. ಮೆಟ್ರೊನೋಮ್ ಕಾಲವನ್ನು ಹೇಳುತ್ತದೆ, ಘಂಟೆ ಆವರ್ತದಲ್ಲಿ ನಾವು ಎಲ್ಲಿದ್ದೇವೆಂಬುದನ್ನೂ ಹೇಳುತ್ತದೆ.

ಕೇತು ಮತ್ತು ಜೆಜೆ ಕುಲಗಳ ಬಹುತೇಕ ಲಯಗಳನ್ನು ಅಗಿದಾವಿ ಎಂಬ ತೆಳ್ಳನೆಯ ಕೋಲುಗಳಿಂದ ನುಡಿಸುತ್ತಾರೆ. ರುಂ ನುಡಿಸುವವರು ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದನ್ನು ಬರಿಗೈಯಾಗಿ ಬಳಸುತ್ತಾರೆ. ಅಂಗೋಲಾ ಕುಲದಲ್ಲಿ ಮಾತ್ರ ಎಲ್ಲವೂ ಬರಿಗೈ. ಆದ್ದರಿಂದ ಕಾಂಗಾ ನುಡಿಸುವವರು ಅಂಗೋಲಾದ ಕಬುಲಾ, ಕೊಂಗೊ ಡಿ ಒರೊ, ಬಾರಾವೆಂಟೊ ಲಯಗಳಿಂದ ಆರಂಭಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ. ಕಬುಲಾವನ್ನು ಸಾಂಬಾದ ಪೂರ್ವಜ ಎಂದು ಹಲವು ವಾದಕರು ಭಾವಿಸುತ್ತಾರೆ. ಅದರ ಘಂಟೆಯ ವಾಕ್ಯವನ್ನು ಕೇಳಿದ ಮೇಲೆ ತಂಬೊರಿಂನ ವಾಕ್ಯವನ್ನು ಕೇಳಿದರೆ ಆ ಭಾವನೆಗೆ ಕಾರಣ ತಾನಾಗಿಯೇ ತಿಳಿಯುತ್ತದೆ. ಬಾಹಿಯಾದ ರಾಜಧಾನಿ ಸಾಲ್ವಡೋರ್‌ನ ಸಂಗೀತಗಾರ ಲೆಟಿಯೆರೆಸ್ ಲೇಟೆ 2006ರಲ್ಲಿ ಕಟ್ಟಿದ ಓರ್ಕೆಸ್ಟ್ರಾ ರುಂಪಿಲೆಜ್ ಈ ಘಂಟೆಯ ವಾಕ್ಯಗಳನ್ನೇ ಆಧಾರವಾಗಿಟ್ಟುಕೊಂಡು ಗಾಳಿವಾದ್ಯಗಳ ದೊಡ್ಡ ವೃಂದವನ್ನು ನಡೆಸಿತು. ತಂಡದ ಹೆಸರಿನಲ್ಲೇ ಮೂರು ಅತಬಾಕಿಗಳಿವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅತಬಾಕಿಗಳು ಆರಾಧಕರ ಪಾಲಿಗೆ ಪ್ರತಿಷ್ಠಾಪಿತ ವಸ್ತುಗಳು, ಒಂದೊಂದು ಲಯವೂ ಒಬ್ಬೊಬ್ಬ ಒರಿಶಾ ದೇವತೆಯನ್ನು ಕರೆಯುವ ಕ್ರಿಯೆ. ಬಾಹಿಯಾದಲ್ಲಿ 1976ರವರೆಗೂ ಈ ಆರಾಧನಾ ಮಂದಿರಗಳು ತಮ್ಮ ಸಮಾರಂಭಗಳಿಗೆ ಪೊಲೀಸರಿಂದ ಪರವಾನಗಿ ಪಡೆಯಬೇಕಿತ್ತು ಎಂಬುದನ್ನು ನೆನೆದರೆ, ಈ ಲಯಗಳನ್ನು ಉಳಿಸಿಕೊಂಡವರು ಎಂಥ ಸ್ಥಿತಿಯಲ್ಲಿ ಉಳಿಸಿಕೊಂಡರು ಎಂಬ ಅರಿವಾಗುತ್ತದೆ. ಕಾಂಗಾದ ಮೇಲೆ ಕಲಿಯುವವರು ಯಾವ ಲಯ ಯಾವ ದೇವತೆಯದು ಎಂಬುದನ್ನಾದರೂ ತಿಳಿದಿರಬೇಕು. ವಿವಾಹದ ಔತಣದಲ್ಲೋ ಹೋಟೆಲ್ಲಿನ ವೇದಿಕೆಯಲ್ಲೋ ಬೇಸರ ಕಳೆಯಲು ನುಡಿಸಲು ಸಾಂಬಾ ಇದ್ದೇ ಇದೆ.

ಕೇತು ಕುಲದಲ್ಲೂ ಬರಿಗೈಯಲ್ಲಿ ನುಡಿಸುವ ಒಂದು ಲಯವಿದೆ, ಅದು ಇಜೆಶಾ. ನದಿಗಳ ದೇವತೆಯಾದ ಓಶುಂಗೆ ಪ್ರಿಯವಾದ, ನಿಧಾನದ, ತೇಲುವ ಲಯ ಇದು. ಮಂದಿರದಿಂದ ಬೀದಿಗೆ ಬಂದು, ಬೀದಿಯಿಂದ ರೇಡಿಯೊಗೂ ಬಂದದ್ದು. ಬೀದಿಗೆ ಅದನ್ನು ದೊಡ್ಡದಾಗಿ ತಂದ ತಂಡದ ಹೆಸರು ಕೇಳಿದರೆ ನಮ್ಮವರಿಗೆ ಆಶ್ಚರ್ಯವಾಗಬಹುದು: ಫಿಲ್ಯೋಸ್ ಡಿ ಗಾಂಧಿ, ಗಾಂಧಿಯ ಮಕ್ಕಳು. ಮಹಾತ್ಮರ ಹತ್ಯೆಯಾದ ಮರುವರ್ಷ, 1949ರಲ್ಲಿ, ಸಾಲ್ವಡೋರ್‌ನ ಬಂದರು ಕಾರ್ಮಿಕರು ಕಾರ್ನಿವಲ್‌ಗಾಗಿ ಈ ತಂಡವನ್ನು ಕಟ್ಟಿದರು. ಬಿಳಿ ಬಟ್ಟೆ, ತಲೆಗೆ ಬಿಳಿ ಮುಂಡಾಸು, ಕೊರಳಲ್ಲಿ ನೀಲಿ ಮತ್ತು ಬಿಳಿ ಮಣಿಗಳ ಸರ ಧರಿಸಿದ ಸಾವಿರಾರು ಜನ ಇಂದಿಗೂ ಇಜೆಶಾದ ಮೇಲೆ ಹೆಜ್ಜೆ ಹಾಕುತ್ತ ಸಾಗುತ್ತಾರೆ. ಎರಡು ನಾದಗಳ ಅಗೊಗೊ ಘಂಟೆ ಮೇಲೆ ಕೆಳಗೆ ಮಾತನಾಡುತ್ತಿದ್ದರೆ, ಡ್ರಮ್ಮುಗಳು ಅದರ ಕೆಳಗೆ ಆತುರವಿಲ್ಲದೆ ನಡೆಯುತ್ತವೆ. ಕಾಂಗಾದ ಮೇಲೆ ಇದನ್ನು ನುಡಿಸುವಾಗ ತೆರೆದ ನಾದಗಳನ್ನು ಚಿಕ್ಕ ಡ್ರಮ್ಮಿನಿಂದ ದೊಡ್ಡದಕ್ಕೆ ಇಳಿಸುತ್ತ, ಸ್ಲ್ಯಾಪನ್ನು ಆದಷ್ಟು ಕಡಿಮೆ ಮಾಡಿದರೆ ಸಾಕು. ಬ್ರೆಜಿಲ್ ಲಯಗಳಲ್ಲಿ ಕಾಂಗಾಕ್ಕೆ ಅತಿ ಸಹಜವಾಗಿ ಒಗ್ಗುವುದು ಇದೇ. ಸಾಂಬಾಕ್ಕಿಂತ ಮೊದಲು ಇದನ್ನು ಕಲಿಸದೆ ಏಕೆ ಎಲ್ಲರೂ ಅದಕ್ಕೇ ಕೈಹಾಕಿಸುತ್ತಾರೋ!

ಬಯಾವ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಯಕ ಲೂಯಿಜ್ ಗೊನ್ಜಾಗ ಅವರ ಅಕಾರ್ಡಿಯನ್ನಿನೊಂದಿಗೆ ದೇಶಕ್ಕೆಲ್ಲ ಪರಿಚಯವಾದ ಈ ಲಯದಲ್ಲಿ ಎಂಟು ಮಾತ್ರೆಗಳು ಮೂರು, ಮೂರು, ಎರಡು ಎಂದು ಒಡೆಯುತ್ತವೆ. ಜಬುಂಬಾದ ತಗ್ಗು ಪೆಟ್ಟುಗಳು ಒಂದು ಮತ್ತು ನಾಲ್ಕನೆಯ ಮಾತ್ರೆಗಳ ಮೇಲೆ ಬೀಳುತ್ತವೆ. ಕೆಳಗಿನ ಮುಚ್ಚಿಗೆಗೆ ತಗಲುವ ತೆಳು ಕಡ್ಡಿಯ ಚಟಪಟ ಉಳಿದ ಜಾಗವನ್ನು ತುಂಬುತ್ತದೆ. ಕಾಂಗಾದಲ್ಲಿ ಒಂದಕ್ಕೆ ಅಂಗೈಯಿಂದ ಹೊಡೆಯುವ ತಗ್ಗು ನಾದ, ನಾಲ್ಕಕ್ಕೆ ತೆರೆದ ನಾದ, ಕಡ್ಡಿಗೆ ಬದಲಾಗಿ ಸ್ಲ್ಯಾಪ್ ಇಟ್ಟರೆ ಲಯ ಕೂಡಲೇ ಗುರುತು ಸಿಗುತ್ತದೆ. ರೆಸಿಫೆ ನಗರದ ಮರಕಾತು ಎಂಬ ಮೆರವಣಿಗೆಯ ಲಯವನ್ನು ಮಾತ್ರ ನಾನು ಕಾಂಗಾದ ಮೇಲೆ ಪ್ರಯತ್ನಿಸುವುದಿಲ್ಲ. ಅಲ್ಫಾಯ ಎಂಬ ಹಗ್ಗ ಬಿಗಿದ ದೊಡ್ಡ ಡೋಲುಗಳನ್ನು ದಪ್ಪ ಕೋಲುಗಳಿಂದ ಬಾರಿಸಿದಾಗ ಹುಟ್ಟುವ ಗುಡುಗು ಬೆರಳುಗಳಿಂದ ಹುಟ್ಟುವಂಥದ್ದಲ್ಲ.

ಒಬ್ಬರೇ ನುಡಿಸುವಾಗ ಎಲ್ಲ ವಾದ್ಯಗಳನ್ನೂ ಎರಡು ಕೈಗಳಲ್ಲಿ ತುಂಬುವ ಆಸೆ ಹುಟ್ಟುವುದು ಸಹಜ. ಮೇಳ ಸೇರಿದಾಗ ಅದನ್ನೆಲ್ಲ ಇಳಿಸಿಡಬೇಕಾಗುತ್ತದೆ. ಪಕ್ಕದಲ್ಲಿ ಸುರ್ಡೋ ಇದ್ದರೆ ನಾನು ದೊಡ್ಡ ಡ್ರಮ್ಮನ್ನು ಮುಟ್ಟುವುದಿಲ್ಲ. ಪಾಂಡೇರೊ ಇದ್ದರೆ ನಡುವಿನ ಮಾತ್ರೆಗಳನ್ನು ಬಿಡುತ್ತೇನೆ. ತಂಬೊರಿಂ ಕೂಡ ಇದ್ದರೆ ಚಿಕ್ಕ ಡ್ರಮ್ಮಿನ ಮೇಲೆ ಅಲ್ಲೊಂದು ಇಲ್ಲೊಂದು ತೆರೆದ ನಾದ, ಅಷ್ಟೆ. ರಿಯೊದ ಪಗೋಜಿ ಎಂಬ ಅನೌಪಚಾರಿಕ ಸಾಂಬಾ ಕೂಟಗಳಲ್ಲಿ ಇದೇ ಸಮಸ್ಯೆಗೆ ವಾದಕರು 1970ರ ದಶಕದ ಕೊನೆಯಲ್ಲಿ ಹೊಸ ವಾದ್ಯಗಳಿಂದಲೇ ಉತ್ತರ ಕಂಡುಕೊಂಡರು. ಫುಂಡೊ ಡಿ ಕಿಂಟಾಲ್ ತಂಡದವರು ಬಳಕೆಗೆ ತಂದ ತಂತಂ, ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ನುಡಿಸುವ ಉದ್ದನೆಯ ಡ್ರಮ್. ಒಂದು ಕೈ ಮುಚ್ಚಿಗೆಯ ಮೇಲೆ ಸುರ್ಡೋದ ಕೆಲಸ ಮಾಡುತ್ತಿದ್ದರೆ, ಇನ್ನೊಂದು ಕೈ ಡ್ರಮ್ಮಿನ ಮೈಯನ್ನು ತಟ್ಟುತ್ತ ಮಾತ್ರೆಗಳನ್ನು ಎಣಿಸುತ್ತದೆ.

ಈಗ ನಾನು ಅಭ್ಯಾಸ ಮಾಡುತ್ತಿರುವುದು ಡ್ರಮ್ಮಿನ ಮೈ ತಟ್ಟುವ ಈ ಎಡಗೈಯ ಕೆಲಸವನ್ನು ಕಾಂಗಾಕ್ಕೆ ತರುವುದನ್ನು. ನಿಂತು ನುಡಿಸಿದರೆ ಡ್ರಮ್ಮಿನ ಮೈ ಕೈಗೆ ಸಿಗುವುದಿಲ್ಲ, ಆದ್ದರಿಂದ ಕುಳಿತು, ಡ್ರಮ್ಮನ್ನು ತುಸು ಎಡಕ್ಕೆ ವಾಲಿಸಿ, ಶ್ರುತಿಯ ಬೋಲ್ಟುಗಳು ಅಡ್ಡ ಬಾರದ ಜಾಗ ಹುಡುಕಿ ಬೆರಳುಗಳಿಂದ ತಟ್ಟಬೇಕು. ಫೈಬರ್‌ಗ್ಲಾಸಿನ ಕಾಂಗಾಕ್ಕಿಂತ ಮರದ ಕಾಂಗಾದಲ್ಲಿ ಈ ಶಬ್ದ ಕಿವಿಗೆ ಹಿತ. ಅದೇ ಪರಂಪರೆಯ ಇನ್ನೊಂದು ವಾದ್ಯವಾದ ರೆಪಿಕಿ ಡಿ ಮಾವ್ ನುಡಿಸುವವರು ಶಬ್ದ ಚೂಪಾಗಲೆಂದು ಬೆರಳಿಗೆ ಉಂಗುರ ಹಾಕಿಕೊಂಡು ಮೈಯನ್ನು ಬಡಿಯುತ್ತಾರೆ; ಕಾಂಗಾದ ಮೆರುಗೆಣ್ಣೆ ಉಳಿಯಬೇಕೆನ್ನುವವರು ಅಷ್ಟು ದೂರ ಹೋಗದಿರುವುದು ಲೇಸು.